ಸ್ವೆಟರ್ ತಗೊಂಡ್ಯಾ?

ನಮ್ಮೂರಿನವರು ಬಾಯಿಗೆ ಬಂದದ್ದು ಮಾತಾಡಿ ಊರು ಬಿಡುವ ಹಾಗಿಲ್ಲ. ಬಸ್ ನಿಲ್ದಾಣದಿಂದ ಎರಡು ಫರ್ಲಾಂಗು ದೂರದಲ್ಲಿ, ರಸ್ತೆಯ ಅಂಚಿಗೆ, ಸೊಂಟದೆತ್ತರದ ಒಂದು ಗಡಿಕಲ್ಲಿದೆ. ಅದನ್ನು ದಾಟಿ ಹೊರಗೆ ಕಾಲಿಡುವ ಮುಂಚೆ ಕೊನೆಯದಾಗಿ ಏನು ಹೇಳುತ್ತೀರೋ ಅದು ಆಗುತ್ತದೆ. ವಾಪಸ್ ಬರುವವರೆಗೂ ಆ ಮಾತು ಬೆನ್ನು ಬಿಡುವುದಿಲ್ಲ. ಯಾಕೆ ಹೀಗೆ ಎಂದು ಹೊರಗಿನಿಂದ ಬಂದವರು ಕೇಳುತ್ತಾರೆ, ನಾವು ಕೇಳುವುದಿಲ್ಲ. ಏನು ಹೇಳಿ ಹೋಗುವುದು ಎಂಬ ತಲೆನೋವೇ ನಮಗೆ ಸಾಕಷ್ಟಿದೆ.

"ಬರ್ತೀನಿ" ಅಂದವರು ಕತ್ತಲಾಗುವುದರೊಳಗೆ ಬಂದಿರುತ್ತಾರೆ. ಸಂತೆಗೆ, ಆಸ್ಪತ್ರೆಗೆ ಹೋಗುವವರಿಗೆ ಅಷ್ಟು ಸಾಕು. "ಹೋಗಿ ಬರ್ತೀನಿ" ಅಂದರೆ ಎರಡು ಮೂರು ದಿನ ಸಿಗುತ್ತದೆ. ಮದುವೆ ಮುಂಜಿಗೆ ಹೊರಟವರು ಹಾಗನ್ನುತ್ತಾರೆ. "ಹೋಗೀ" ಎಂದು ಸ್ವಲ್ಪ ಎಳೆದರೆ ಬೀಗರೂಟವನ್ನೂ ಮುಗಿಸಿಕೊಂಡು ಬರಬಹುದು. ಬಾಯಿತಪ್ಪಿ "ಈಗ ಬಂದೆ" ಅಂದವರ ಗತಿ ಮಾತ್ರ ಕೇಳಬೇಡಿ. ಅಂಚೆ ಕಚೇರಿಯ ಮುಕುಂದರಾಯರು ತಂಗಿಯ ಸೀಮಂತಕ್ಕೆ ಹೊರಟವರು, ಕಳಿಸಲು ಬಂದ ಹೆಂಡತಿಗೆ ಅಭ್ಯಾಸಬಲದಿಂದ "ಈಗ ಬಂದೆ ಕಣೇ" ಅಂದು ಕಲ್ಲು ದಾಟಿದರು. ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಮತ್ತೆ ತಮ್ಮ ಮನೆಯ ಹೊಸ್ತಿಲ ಮೇಲೆಯೇ ನಿಂತಿದ್ದರು. ಕೈಯಲ್ಲಿ ಬಳೆ, ಹೂವಿನ ತಟ್ಟೆ ಹಾಗೇ ಇತ್ತು.

ಬಾಯೇ ಬಿಡದೆ ಹೋದರಾಯಿತಲ್ಲ ಎಂದುಕೊಂಡ ಜಾಣರೂ ಇದ್ದಾರೆ. ಬಾಯಿ ಬಿಡದಿದ್ದರೆ ಅದಕ್ಕೂ ಹಿಂದೆ ಆಡಿದ ಮಾತೇ ಕೊನೆಯದಾಗುತ್ತದೆ. ಸೋಡಾ ಅಂಗಡಿಯ ಚನ್ನಬಸಪ್ಪ ಬೆಳಿಗ್ಗೆ ಊಟದೆಲೆಯ ಮುಂದೆ "ಸಾರಿಗೆ ಉಪ್ಪು ಜಾಸ್ತಿಯಾಗಿದೆ" ಎಂದು ಎದ್ದವನು, ಆಮೇಲೆ ತುಟಿ ಬಿಗಿದುಕೊಂಡೇ ಊರು ಬಿಟ್ಟ. ಎಂಟು ದಿನ ಯಾವ ಹೋಟೆಲಿನಲ್ಲಿ ಉಂಡರೂ ಸಾರು ಬರೀ ಉಪ್ಪು. ಒಂಬತ್ತನೇ ದಿನ ಬಂದಿಳಿದವನು ಒಂದು ಬಿಂದಿಗೆ ನೀರು ಕುಡಿದ. ಊರೆಲ್ಲ ನಕ್ಕಿತು, ನಾನೂ ನಕ್ಕೆ. ಅವನ ವಿಷಯದಲ್ಲಿ ನಾವು ಉಪ್ಪೊಂದನ್ನೇ ನೋಡಿದೆವು.

ನನ್ನ ಹೆಸರು ಚಂಪಕ, ಮನೆಯಲ್ಲಿ ಚಂಪಿ. ಊರಿನ ಕಾಲೇಜಿನಲ್ಲಿ ಎರಡನೇ ವರ್ಷದ ಬಿ.ಎಸ್ಸಿ. ಓದುತ್ತಿದ್ದೆ. ನನಗೆ ಹಿಡಿದಿದ್ದದ್ದು ಕಲ್ಲುಹೂವಿನ ಹುಚ್ಚು. ಬಂಡೆಗೆ, ಗೋಡೆಗೆ, ಮರದ ತೊಗಟೆಗೆ ಅಂಟಿಕೊಂಡು ಬೆಳೆಯುವ, ಒಣಗಿಸಿ ಮಸಾಲೆಗೆ ಹಾಕುತ್ತಾರಲ್ಲ, ಅದೇ ಕಲ್ಲುಹೂವು. ನಮ್ಮ ಗಡಿಕಲ್ಲಿನ ಈಚೆ ಬದಿಗೆ ಬೆಳೆಯುವುದು ಬೂದು ಬಣ್ಣದ್ದು, ಆಚೆ ಬದಿಗೆ ಕಿತ್ತಳೆ ಬಣ್ಣದ್ದು. ಎರಡು ವರ್ಷ ದಿನಾ ಹೋಗಿ ಸ್ಕೇಲು ಹಿಡಿದು ಅಳೆದು ಬರೆದಿಟ್ಟಿದ್ದೆ. ಇನ್ನೂ ಹೆಚ್ಚು ನೋಡೋಣವೆಂದರೆ ಕಾಲೇಜಿನಲ್ಲಿದ್ದ ಒಂದೇ ಒಂದು ಮೈಕ್ರೋಸ್ಕೋಪಿನೊಳಗೆ ಜೇಡವೊಂದು ಸಂಸಾರ ಹೂಡಿತ್ತು. ಆದದ್ದಾಗಲಿ ಎಂದು ನನ್ನ ನೋಟ್ಸನ್ನೆಲ್ಲ ನಕಲು ಮಾಡಿ, ತೀರ ಚಳಿಯ ದೇಶವೊಂದರ ಯೂನಿವರ್ಸಿಟಿಗೆ ಅರ್ಜಿಯೊಂದಿಗೆ ಕಳಿಸಿದ್ದೆ.

ಉತ್ತರ ಬಂತು. ನಿಮ್ಮ ಎರಡು ವರ್ಷದ ಓದನ್ನು ನಾವು ಒಪ್ಪಿಕೊಳ್ಳುತ್ತೇವೆ, ಉಳಿದ ಎರಡು ವರ್ಷ ಇಲ್ಲಿ ಓದಿ ಪದವಿ ಮುಗಿಸಬಹುದು, ಫೀಸು ಬೇಡ, ಬರುತ್ತೀರೋ ಇಲ್ಲವೋ ಇಪ್ಪತ್ತು ದಿನದೊಳಗೆ ಕಾಗದ ಹಾಕಿ ತಿಳಿಸಿ ಎಂದಿತ್ತು. ನಾನು ಕಾಗದ ಹಿಡಿದುಕೊಂಡು ಅಡುಗೆಮನೆಗೆ ಓಡಿದೆ.

ಅಮ್ಮ ಸಾರಿನಪುಡಿ ಮಾಡಿ ಮಾರುತ್ತಾಳೆ. ಹುರಿಯುತ್ತಿದ್ದ ಕೊತ್ತಂಬರಿ ಬೀಜ ಇಳಿಸಿ, ಸೆರಗಿಗೆ ಕೈ ಒರೆಸಿಕೊಂಡು, ಕಾಗದವನ್ನು ಎರಡು ಸಲ ಓದಿದಳು. "ಕಲ್ಲುಹೂವು ನೋಡಕ್ಕೆ ಅಷ್ಟು ದೂರ ಹೋಗ್ಬೇಕಾ? ಡಬ್ಬೀಲಿದೆ ನೋಡು, ಎಷ್ಟು ಬೇಕೋ ತಗೊ," ಅಂದಳು. ತಮಾಷೆಗೆ ಅಂದಳೋ ನಿಜವಾಗಿ ಅಂದಳೋ ತಿಳಿಯಲಿಲ್ಲ. ಅದಾದ ಮೇಲೆ ಆ ವಿಷಯವಾಗಿ ಅಮ್ಮ ಬಾಯಿ ಬಿಡಲೇ ಇಲ್ಲ. ಪೆಟ್ಟಿಗೆಯಿಂದ ಬೂದು ಬಣ್ಣದ ಉಲ್ಲನ್ ತೆಗೆದು ಹೆಣೆಯುತ್ತಾ ಕೂತಳು. ಯಾರಿಗಮ್ಮ ಎಂದು ಕೇಳಿದರೆ "ಚಳಿಗೆ" ಅಂದಳು.

ಅಪ್ಪ ಊರಿನ ಒಂದೇ ಬಸ್ಸಿನ ಕಂಡಕ್ಟರು. ಕಲ್ಲಿನ ಹತ್ತಿರ ಬಸ್ಸು ನಿಲ್ಲಿಸಿ "ಎಲ್ಲಾರ್ದೂ ಹೇಳಿ ಆಯ್ತಾ?" ಎಂದು ಕೇಳುವುದು ಅವರ ಕೆಲಸ. ಆಮೇಲೆ ಹಿಂದಿನ ಚಕ್ರ ಕಲ್ಲು ದಾಟುವವರೆಗೆ ಬಸ್ಸಿನೊಳಗೆ ಯಾರೂ ಕೆಮ್ಮುವುದೂ ಇಲ್ಲ. ಅಪ್ಪನೊಬ್ಬರೇ ಸೀಟಿ ಊದಿ, "ರೈಟ್, ರೈಟ್" ಎಂದು ಬಾಗಿಲು ಬಡಿಯುತ್ತಾರೆ. ದಿನಕ್ಕೆ ಮೂರು ಸಲ ಹೋಗುತ್ತಾರೆ, ಮೂರು ಸಲ ಬರುತ್ತಾರೆ. ಕಾಗದ ನೋಡಿ ಅವರು, "ಹೋಗೋದಾದ್ರೆ ಕಿಟಕಿ ಪಕ್ಕದ ಸೀಟು ಹಿಡಿದಿಡ್ತೀನಿ," ಅಂದರು. ಹೋಗಬೇಕೋ ಬೇಡವೋ ಎಂದು ಅಪ್ಪನನ್ನು ಕೇಳಿದರೆ ಅಷ್ಟೇ ಸಿಗುವುದು.

ನನಗೆ ಹೋಗಬೇಕಿತ್ತು. ಹೆದರಿಕೆಯೂ ಆಗಿತ್ತು. ಚಳಿಗೆ, ಇಂಗ್ಲಿಷಿಗೆ ಹೆದರಿದ್ದೆ ಅಂದುಕೊಳ್ಳಬೇಡಿ. ನಾನು ಹೆದರಿದ್ದು ಕಲ್ಲಿನ ಹತ್ತಿರ ಆಡಬೇಕಾದ ಒಂದು ವಾಕ್ಯಕ್ಕೆ. ನನಗೂ ಮುಂಚೆ ಓದಲಿಕ್ಕೆಂದು ಊರು ಬಿಟ್ಟ ಇಬ್ಬರು ಹುಡುಗರಿದ್ದರು. ಒಬ್ಬ "ಓದಿ ಬರ್ತೀನಿ" ಅಂದ. ಪಕ್ಕದ ಊರಿನ ಬೋರ್ಡು ಓದಿದ್ದೇ ತಡ, ವಾಪಸ್. ಇನ್ನೊಬ್ಬ ಹುಷಾರಿ, "ಡಿಗ್ರಿ ಬಂದ್ಮೇಲೆ ಬರ್ತೀನಿ" ಅಂದ. ಹಾಸ್ಟೆಲಿನಲ್ಲಿ ಜ್ವರ ಬಂತು, ನೂರೆರಡು ಡಿಗ್ರಿ. ಅಲ್ಲಿಯ ಕಂಬಳಿ ಹೊದ್ದುಕೊಂಡೇ ಬಂದಿಳಿದ. ಊರಿನವರ ನಗು ತಡೆದುಕೊಂಡು ಇನ್ನೊಂದು ಸಲ ಹೋಗುವ ಧೈರ್ಯ ಇಬ್ಬರಿಗೂ ಇರಲಿಲ್ಲ.

ಇಂಥ ಅವಾಂತರ ತಪ್ಪಿಸಲೆಂದೇ ನಮ್ಮೂರಿನಲ್ಲಿ ದಕ್ಷಿಣಾಮೂರ್ತಿ ಮೇಷ್ಟ್ರಿದ್ದಾರೆ. ಕನ್ನಡ ಪಂಡಿತರಾಗಿ ನಿವೃತ್ತರಾದವರು, ಈಗ ಊರು ಬಿಡುವವರಿಗೆ ವಾಕ್ಯ ಕಟ್ಟಿಕೊಡುತ್ತಾರೆ. ಒಂದು ವಾಕ್ಯಕ್ಕೆ ಒಂದು ತೆಂಗಿನಕಾಯಿ. ನಾನು ಕಾಯಿ ಹಿಡಿದುಕೊಂಡು ಹೋದೆ. ಹೋಗುವುದು ಇನ್ನೂ ನಿಶ್ಚಯವಾಗಿಲ್ಲ, ಸುಮ್ಮನೆ ಕೇಳಲು ಬಂದೆ ಅಂದೆ. ಅವರು ಕಾಯಿ ಅಲ್ಲಾಡಿಸಿ ನೀರಿದೆಯೇ ನೋಡಿ, ಪಕ್ಕಕ್ಕಿಟ್ಟುಕೊಂಡರು.

"ಇಷ್ಟ ಬಂದಾಗ ಬರ್ತೀನಿ ಅಂದ್ರೆ ಆಗಲ್ವಾ ಮೇಷ್ಟ್ರೇ?" ಅಂದೆ.

"ಅಂದಿದ್ದ ಒಬ್ಬ. ದಾರೀಲಿ ಹೋಟ್ಲಿಗೆ ಹೋಗಿ ಖಾಲಿ ದೋಸೆ ತಿಂದ. ಇಷ್ಟ ಬಂತು. ಕೈ ತೊಳೆಯೋಷ್ಟ್ರಲ್ಲಿ ಊರಲ್ಲಿದ್ದ."

"ಮನಸ್ಸು ಬಂದಾಗ ಬರ್ತೀನಿ ಅಂದ್ರೆ?"

"ಮನಸ್ಸು ಮೊದಲ್ನೇ ದಿನಾನೇ ಊರಿಗೆ ಬಂದ್ಬಿಡುತ್ತಲ್ಲ ಮಗು. ಮನಸ್ಸಿನ ಹಿಂದೇನೇ ಕಾಲು."

"ಬರ್ತೀನೋ ಇಲ್ವೋ ಗೊತ್ತಿಲ್ಲ ಅಂದ್ರೆ?"

ಮೇಷ್ಟ್ರು ಕನ್ನಡಕ ತೆಗೆದರು. "ಗೊತ್ತಿಲ್ಲ ಅಂತ ಹೇಳಿ ಪರೀಕ್ಷೆ ಬರೆಯಕ್ಕೆ ಹೋದ ನನ್ನ ಶಿಷ್ಯ. ಪ್ರಶ್ನೆಪತ್ರಿಕೆ ನೋಡ್ದಾಗ ಒಂದೂ ಗೊತ್ತಿರಲಿಲ್ಲ. ವಾಪಸ್ ಬರೋ ದಾರೀನೂ ಗೊತ್ತಾಗ್ದೆ, ಕೊನೇಗೆ ನಿಮ್ಮಪ್ಪ ಬಸ್ಸಲ್ಲಿ ಹತ್ತಿಸ್ಕೊಂಡು ಬಂದ್ರು. ನೋಡು, ಬರ್ತೀನಿ ಅನ್ನೋ ಮಾತು ಕೊಕ್ಕೆ ಇದ್ದ ಹಾಗೆ. ಅದನ್ನ ಎಲ್ಲಿ ಸಿಗಿಸ್ಬೇಕು ಅಂತ ಸರಿಯಾಗಿ ಹೇಳ್ಬೇಕು. ದಿನ, ವಾರ, ಹಬ್ಬ, ಹೀಗೆ."

ಎರಡು ವರ್ಷ ಮುಗಿದ ಮೇಲಿನ ಯುಗಾದಿಗೆ ಎಂದು ಹೇಳೋಣ, ಆ ದಿನ ತಪ್ಪದೆ ಬಂದಿರುತ್ತೀಯ ಎಂದರು. ಹಾಗಾದರೆ ಅದಕ್ಕೂ ಮುಂಚೆ ಬರಬೇಕೆನಿಸಿದರೆ ಎಂದು ಕೇಳಿದೆ. ಅಮ್ಮನಿಗೆ ಹುಷಾರಿಲ್ಲದೆ ಹೋದರೆ? ಮೇಷ್ಟ್ರು ಬರಲಾಗುವುದಿಲ್ಲ ಅಂದರು. ಯುಗಾದಿಯ ಹೊತ್ತಿಗೆ ಅಲ್ಲಿಯೇ ಇನ್ನೂ ಓದಬೇಕು ಅನಿಸಿದರೆ? ಅದೂ ಆಗುವುದಿಲ್ಲ ಅಂದರು. ನಾನು ಎದ್ದು ಬಂದೆ. ಕಾಯಿ ವಾಪಸ್ ಕೊಡಲಿಲ್ಲ.

ಇನ್ನು "ಹೋಗ್ತೀನಿ" ಅಂದವರ ವಿಷಯ. ನಮ್ಮೂರಿನಲ್ಲಿ ಆ ಮಾತನ್ನು ಯಾರೂ ಆಡುವುದಿಲ್ಲ. ಪಕ್ಕದ ಮನೆಗೆ ಹೋಗುವಾಗಲೂ ಆಡುವುದಿಲ್ಲ. ಕಲ್ಲಿನ ಹತ್ತಿರ ಅದನ್ನು ಆಡಿದವಳು ನಮ್ಮ ಮನೆಯವಳೇ, ನಳಿನಾಕ್ಷಿ ಚಿಕ್ಕಮ್ಮ, ಅಮ್ಮನ ತಂಗಿ. ಇಪ್ಪತ್ತಮೂರು ವರ್ಷದ ಹಿಂದೆ "ಹೋಗ್ತೀನಿ" ಅಂದು ಹೋದಳು, ಟೀಚರ್ ಟ್ರೈನಿಂಗ್ ಮುಗಿಸಿದಳು, ಪಕ್ಕದ ಊರಿನ ಸ್ಕೂಲಿನಲ್ಲೇ ಟೀಚರಾದಳು. ಮಧ್ಯೆ ಇರುವುದು ಮೂರು ಮೈಲಿ. ಆದರೆ ಕಲ್ಲಿನಿಂದ ಈಚೆಗೆ ಅವಳ ಕಾಲು ಬರುವುದಿಲ್ಲ. ಎತ್ತಿದರೆ ಇಳಿಯುವುದು ಆಚೆಗೇ. ಡಬ್ಬಿ ದಾಟುತ್ತದೆ, ಕೈ ದಾಟುತ್ತದೆ, ಕಾಲೊಂದು ದಾಟುವುದಿಲ್ಲ. ಅದಕ್ಕೇ ಪ್ರತಿ ಭಾನುವಾರ ಬೆಳಿಗ್ಗೆ ಚಿಕ್ಕಮ್ಮ ಒಂದು ಮಡಚುವ ಕುರ್ಚಿ, ಒಂದು ಕೊಡೆ ತಂದು ಆಚೆ ಕೂರುತ್ತಾಳೆ. ಅಮ್ಮ ಈಚೆ ಬದಿಯ ಮೋರಿಕಟ್ಟೆಯ ಮೇಲೆ ಕೂರುತ್ತಾಳೆ. ಮಧ್ಯಾಹ್ನದವರೆಗೆ ಇಬ್ಬರೂ ಊರಿನವರನ್ನೆಲ್ಲ ಆಡಿಕೊಳ್ಳುತ್ತಾರೆ. ಅಮ್ಮ ಯಾಕೆ ಆಚೆ ಹೋಗಿ ಕೂರುವುದಿಲ್ಲ ಎಂದು ನಾನು ಚಿಕ್ಕವಳಿದ್ದಾಗ ಕೇಳಿದ್ದೆ. "ಈಚೆ ನೆರಳಿದೆ," ಅಂದಿದ್ದಳು. ಈಚೆ ನೆರಳಿಲ್ಲ.

ಕಾಗದ ಬಂದ ಹದಿನೇಳನೇ ದಿನ ಭಾನುವಾರ. ಅಮ್ಮ ದೊಡ್ಡದೊಂದು ಆರ್ಡರಿಗೆ ಪುಡಿ ಕುಟ್ಟಿಸಲು ಗಿರಣಿಗೆ ಹೋಗಿದ್ದಳು. ನಾನೊಬ್ಬಳೇ ಟಿಫಿನ್ ಕ್ಯಾರಿಯರ್ ಹಿಡಿದು ಕಲ್ಲಿನ ಹತ್ತಿರ ಹೋದೆ. ಚಿಕ್ಕಮ್ಮ ಉಪ್ಪಿಟ್ಟು ತಿನ್ನುತ್ತಾ ನನ್ನ ಗೋಳನ್ನೆಲ್ಲ ಕೇಳಿದಳು.

"ಹೋಗ್ಲಾ ಬೇಡ್ವಾ ಚಿಕ್ಕಮ್ಮ, ನೀನೇ ಹೇಳು."

"ನಾನು ಹೇಳ್ದೆ ಅಂತ ಹೋಗ್ಬೇಡ. ನಿಮ್ಮಮ್ಮ ಏನಂತಾಳೆ?"

"ಏನೂ ಅನ್ನಲ್ಲ. ಸ್ವೆಟರ್ ಹೆಣಿತಾ ಕೂತಿದಾಳೆ. ಕೋಪ ಇರ್ಬೇಕು."

ಚಿಕ್ಕಮ್ಮ ಚಮಚ ಕೆಳಗಿಟ್ಟಳು. "ನಿಮ್ಮಮ್ಮಂಗೂ ಟ್ರೈನಿಂಗ್ ಸೀಟು ಸಿಕ್ಕಿತ್ತು, ಗೊತ್ತಾ ನಿಂಗೆ? ನನಗಿಂತ ಎರಡು ವರ್ಷ ಮೊದ್ಲೇ," ಅಂದಳು.

ನನಗೆ ಗೊತ್ತಿರಲಿಲ್ಲ. ಹತ್ತೊಂಬತ್ತು ವರ್ಷದ ಅಮ್ಮ ಟ್ರಂಕು ಹಿಡಿದು ಇದೇ ಕಲ್ಲಿನ ಹತ್ತಿರ ನಿಂತಿದ್ದಳಂತೆ. ನಮ್ಮಜ್ಜಿ ಅಳುತ್ತಾ, ಬೇಗ ಬರ್ತೀನಿ ಅನ್ನು, ಅಷ್ಟಂದರೆ ಸಾಕು ಎಂದು ಕೈ ಹಿಡಿದುಕೊಂಡಳಂತೆ. ಅಮ್ಮ ಅಂದಳು. ಹನ್ನೊಂದನೇ ದಿನ, ಬೋರ್ಡಿನ ಮೇಲೆ ಬರೆದು ತೋರಿಸಲು ಅವಳ ಸರದಿ ಬಂದಿತ್ತು. ಒಂದು ಸಾಲು ಬರೆದಿದ್ದಳು. ಕಾಲು ತಾನಾಗಿ ತಿರುಗಿತು. ತರಗತಿಯ ಬಾಗಿಲು ದಾಟಿತು, ಗೇಟು ದಾಟಿತು, ಊರಿಗೆ ಬಂತು. ಅಮ್ಮ ಬಾಗಿಲ ಚೌಕಟ್ಟು, ಗೇಟಿನ ಕಂಬಿ, ಎಲ್ಲವನ್ನೂ ಹಿಡಿದು ನೋಡಿದಳಂತೆ. ಮನೆಗೆ ಬಂದಾಗ ಕೈಯಲ್ಲಿ ಸೀಮೆಸುಣ್ಣದ ತುಂಡು ಹಾಗೇ ಇತ್ತು.

"ಆವತ್ತಿಂದ ನಿಮ್ಮಮ್ಮ ಈ ಕಲ್ಲು ದಾಟಿಲ್ಲ. ತನ್ನ ಕಾಲು ತನ್ನ ಮಾತು ಕೇಳ್ದೇ ಇರೋದನ್ನ ಒಂದ್ಸಲ ನೋಡಿದಾಳಲ್ಲ," ಅಂದಳು ಚಿಕ್ಕಮ್ಮ. "ಅದನ್ನ ನೋಡಿ ನಾನು ಹೆದರ್ಕೊಂಡು ಹೋಗ್ತೀನಿ ಅಂದ್ಬಿಟ್ಟೆ. ನಂಗೆ ಹೋಗ್ಬೇಕಿತ್ತು ಕಣೇ ಚಂಪಿ. ಬರಬಾರ್ದು ಅಂತ ಏನಿರ್ಲಿಲ್ಲ."

ನಾನು ಖಾಲಿ ಕ್ಯಾರಿಯರ್ ಹಿಡಿದು ಮನೆಗೆ ಬಂದೆ. ಅಮ್ಮ ಸಾರಿನಪುಡಿಯ ಡಬ್ಬಿಗಳ ಮೇಲೆ ಸೀಮೆಸುಣ್ಣದಲ್ಲಿ ಹೆಸರು ಬರೆಯುತ್ತಿದ್ದಳು. ದುಂಡನೆಯ, ಒಂದೇ ಎತ್ತರದ ಅಕ್ಷರ. ಅದು ಟೀಚರಮ್ಮನ ಅಕ್ಷರ ಎಂದು ಇಪ್ಪತ್ತು ವರ್ಷದಲ್ಲಿ ನನಗೆ ಒಂದು ದಿನವೂ ಹೊಳೆದಿರಲಿಲ್ಲ. ಬರುತ್ತೇನೆ ಎಂದು ಆ ಸಂಜೆಯೇ ಕಾಗದ ಬರೆದು, ಮಾರನೇ ಬೆಳಿಗ್ಗೆ ಮುಕುಂದರಾಯರ ಕೈಗೆ ಕೊಟ್ಟೆ. ಅವರು ವಿಳಾಸ ಓದಿ, "ಕಲ್ಲಿನತ್ರ ಈಗ ಬಂದೆ ಅಂತ ಮಾತ್ರ ಅನ್ಬೇಡಮ್ಮ," ಎಂದು ಠಸ್ಸೆ ಒತ್ತಿದರು.

ಮಿಕ್ಕ ದಿನವೆಲ್ಲ ವಾಕ್ಯ ಉರು ಹೊಡೆಯುವುದರಲ್ಲಿ ಹೋಯಿತು. ಬೇರೆ ದಾರಿ ಕಾಣದೆ ಮೇಷ್ಟರ ಯುಗಾದಿಗೇ ಒಪ್ಪಿಕೊಂಡಿದ್ದೆ. ಅವರು ಇನ್ನೂ ಎರಡು ಕಾಯಿ ತೆಗೆದುಕೊಂಡು ವಾಕ್ಯವನ್ನು ಭದ್ರಮಾಡಿದರು. "ನಾನು, ಈ ಊರಿನ ಕಂಡಕ್ಟರ್ ಪುಟ್ಟನಂಜಯ್ಯನವರ ಮಗಳು ಚಂಪಕ, ಚಳಿದೇಶದ ಯೂನಿವರ್ಸಿಟಿಯಲ್ಲಿ ಎರಡು ವರ್ಷ ಪೂರ್ತಿಯಾಗಿ ಓದಿ, ಪದವಿಯನ್ನು, ಅಂದರೆ ಮೊಹರು ಹಾಕಿದ ಕಾಗದದ ಪದವಿಯನ್ನು, ಕೈಯಲ್ಲಿ ಹಿಡಿದುಕೊಂಡು, ಆ ಬಳಿಕ ಬರುವ ಮೊದಲನೇ ಯುಗಾದಿಯ ದಿನ, ಸೂರ್ಯ ಮುಳುಗುವ ಮುಂಚೆ, ಕೈಕಾಲು ನೆಟ್ಟಗಿರುವಂತೆ, ಇದೇ ಊರಿಗೆ ಬರ್ತೀನಿ." ಒಂದೇ ಉಸಿರಿಗೆ ಹೇಳಬೇಕು. ಮಧ್ಯೆ ಸೀನಿದರೆ ಮೊದಲಿನಿಂದ. ಅಪ್ಪನ ಬಸ್ಸಿನ ದಿನದ ಪ್ರಯಾಣಿಕರಿಗೂ ಅದು ಬಾಯಿಪಾಠವಾಯಿತು. ಹಾಲು ಹಾಕಲು ಬಂದವರು ಗೇಟಿನಲ್ಲಿ ನಿಂತು "ಕೈಕಾಲು ನೆಟ್ಟಗಿರುವಂತೆ ಬಿಟ್ಟೆ ನೋಡು," ಎಂದು ತಿದ್ದಿ ಹೋಗುತ್ತಿದ್ದರು. ಅಮ್ಮ ಒಬ್ಬಳು ಒಂದಕ್ಷರ ತಿದ್ದಲಿಲ್ಲ. ಸ್ವೆಟರಿನ ತೋಳು ಮುಗಿಸುತ್ತಿದ್ದಳು.

ಹೊರಡುವ ಬೆಳಿಗ್ಗೆ ಅರ್ಧ ಊರು ಕಲ್ಲಿನ ಹತ್ತಿರ ಸೇರಿತ್ತು. ಅಪ್ಪ ಹೇಳಿದಂತೆ ಕಿಟಕಿ ಪಕ್ಕದ ಸೀಟು ಹಿಡಿದಿಟ್ಟಿದ್ದರು. ನಾನು ಕಣ್ಣು ಮುಚ್ಚಿಕೊಂಡು ವಾಕ್ಯ ಒಪ್ಪಿಸಿದೆ. ಮೇಷ್ಟ್ರು ಬೆರಳು ಮಡಚಿ ಒಂದೊಂದು ತುಂಡನ್ನೂ ಎಣಿಸಿದರು. ಒಂದೂ ಬಿಡಲಿಲ್ಲ. ಅವರು ಚಪ್ಪಾಳೆ ತಟ್ಟಿದರು, ಬಸ್ಸಿನಲ್ಲಿದ್ದವರೂ ತಟ್ಟಿದರು, ಬಾಯಿ ಮಾತ್ರ ಮುಚ್ಚಿಕೊಂಡು.

"ಎಲ್ಲಾರ್ದೂ ಹೇಳಿ ಆಯ್ತಾ?" ಅಂದರು ಅಪ್ಪ. ಸೀಟಿ ಊದಿದರು. "ರೈಟ್, ರೈಟ್."

ಬಸ್ಸು ಹೊರಟಿತು. ಮುಂದಿನ ಚಕ್ರ ಕಲ್ಲು ದಾಟಿತು. ಅಲ್ಲಿಯವರೆಗೆ ಮೋರಿಕಟ್ಟೆಯ ಹತ್ತಿರ ಸುಮ್ಮನೆ ನಿಂತಿದ್ದ ಅಮ್ಮ ಇದ್ದಕ್ಕಿದ್ದಂತೆ ಸೀರೆ ಎತ್ತಿಕೊಂಡು ಕಿಟಕಿಯ ಪಕ್ಕಕ್ಕೆ ಓಡಿಬಂದಳು.

"ಚಂಪೀ, ಸ್ವೆಟರ್ ತಗೊಂಡ್ಯಾ?"

"ತಗೊಂಡಿದೀನಮ್ಮಾ!" ಅಂದೆ.

ಹಿಂದಿನ ಚಕ್ರ ಕಲ್ಲು ದಾಟಿತು.

ನಾನು ಬಾಯಿಗೆ ಕೈ ಅಡ್ಡ ಹಿಡಿದೆ. ಹಿಂದೆ ತಿರುಗಿ ನೋಡಿದರೆ ಮೇಷ್ಟ್ರು ತಲೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ಮೂರು ಕಾಯಿ, ಒಂದು ತಿಂಗಳ ಬಾಯಿಪಾಠ, ಎಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತಾಯಿತು. ಯುಗಾದಿಗೆ ನನ್ನನ್ನು ಕರೆತರುವ ಮಾತು ಈಗ ಇರಲಿಲ್ಲ. ಯಾವ ಮಾತೂ ಇರಲಿಲ್ಲ. "ಅಪ್ಪಾ, ಬಸ್ಸು ನಿಲ್ಸಿ! ವಾಪಸ್ ಹೋಗಿ ಇನ್ನೊಂದ್ಸಲ ಹೇಳ್ತೀನಿ!" ಎಂದು ಕಿರುಚಿದೆ. ಅಪ್ಪ ಗಡಿಯಾರ ನೋಡಿ, "ಟ್ರೈನು ತಪ್ಪುತ್ತೆ," ಅಂದು ಟಿಕೆಟ್ ಹರಿದು ಕೈಗಿಟ್ಟರು. ಕಲ್ಲಿನ ಆಚೆ ಬದಿಯ ಕುರ್ಚಿಯಲ್ಲಿ ಕೂತಿದ್ದ ಚಿಕ್ಕಮ್ಮ ನಗು ತಡೆಯಲಾರದೆ ಕೊಡೆಯನ್ನೇ ಬೀಳಿಸಿಕೊಂಡಿದ್ದಳು. ನಗುತ್ತಲೇ ಕಣ್ಣೊರೆಸಿಕೊಳ್ಳುತ್ತಿದ್ದಳು. ನಾನು ಅತ್ತೆ. ಅಳುತ್ತಲೇ ದೇಶ ಬಿಟ್ಟೆ.

ಅಮ್ಮನ ಮೇಲೆ ಒಂದು ತಿಂಗಳು ಕೆಂಡದಂಥ ಕೋಪವಿತ್ತು. ಬಾಯಿಗೆ ಬೀಗ ಹಾಕಿಕೊಂಡಿದ್ದವಳು ಆ ಗಳಿಗೆಯಲ್ಲೇ ಬಾಯಿ ಬಿಡಬೇಕಿತ್ತೇ? ಅದಕ್ಕೆ ಸರಿಯಾಗಿ ಆ ಸ್ವೆಟರಿನ ಕಾಟ ಬೇರೆ. ತಗೊಂಡಿದೀನಿ ಅಂದಿದ್ದೆನಲ್ಲ, ಅದು ನನ್ನನ್ನು ಬಿಡಲೇ ಇಲ್ಲ. ವಿಮಾನ ನಿಲ್ದಾಣದ ಬೆಂಚಿನ ಮೇಲೆ ಮರೆತು ಬಂದೆ, ಸೀಟಿನಲ್ಲಿ ಕೂತಾಗ ತೊಡೆಯ ಮೇಲಿತ್ತು. ಒಗೆಯಲು ಹಾಕಿ ಕ್ಲಾಸಿಗೆ ಹೋದರೆ ಒದ್ದೆಯಾಗಿಯೇ ಬೆನ್ನ ಮೇಲೆ ಬಂದಿರುತ್ತಿತ್ತು. ಬೇಸಿಗೆ ಬಂದು ಎಲ್ಲರೂ ತೋಳಿಲ್ಲದ ಅಂಗಿಯಲ್ಲಿ ಓಡಾಡುವಾಗಲೂ ನನ್ನ ಕೈ ಮೇಲೆ ಬೂದು ಉಲ್ಲನ್. ಜೊತೆಯ ಹುಡುಗಿಯರು ಚುಡಾಯಿಸಿದರು. ನಮ್ಮ ಪ್ರೊಫೆಸರಮ್ಮ ಮಾತ್ರ, ಈ ಬಣ್ಣ ಥೇಟ್ ನಿನ್ನ ಕಲ್ಲಿನ ಈಚೆ ಬದಿಯ ಕಲ್ಲುಹೂವಿನದೇ ಅಲ್ಲವೇ ಎಂದು ಕೇಳಿದರು. ಆಗಲೇ ನಾನೂ ಸರಿಯಾಗಿ ನೋಡಿದ್ದು.

ಮತ್ತು ಆಗಲೇ ನೆನಪಾದದ್ದು. ಆ ಬೆಳಿಗ್ಗೆ ಸ್ವೆಟರನ್ನು ಮಡಿಸಿ, ಚೀಲದ ಬಾಯಿಗೇ ಇಟ್ಟು, ಝಿಪ್ಪು ಎಳೆದವಳು ಅಮ್ಮನೇ. ನಾನು ಪಕ್ಕದಲ್ಲೇ ನಿಂತಿದ್ದೆ. ಅಂದ ಮೇಲೆ ಕೇಳಿದ್ದು ಯಾಕೆ? ಕಾಗದ ಬರೆದು ಕೇಳಿದೆ. ಸಾರಿನಪುಡಿಗೆ ಇರುವೆ ಬಾರದ ಹಾಗೆ ಡಬ್ಬಿ ಮುಚ್ಚಿಡು ಎಂದು ಉತ್ತರ ಬಂತು.

ಓದು ಚೆನ್ನಾಗಿ ಸಾಗಿತು. ಅಲ್ಲಿಯ ಬಂಡೆಗಳ ಮೇಲೆ ನಾನು ಕನಸಿನಲ್ಲೂ ಕಾಣದ ಕಲ್ಲುಹೂವುಗಳಿದ್ದವು, ಜೇಡವಿಲ್ಲದ ಮೈಕ್ರೋಸ್ಕೋಪುಗಳಿದ್ದವು. ಆದರೂ ಒಮ್ಮೊಮ್ಮೆ ಓದುತ್ತಾ ಕೂತವಳು ನನ್ನ ಕಾಲನ್ನೇ ನೋಡುತ್ತಿದ್ದೆ. ಎಳೆಯುತ್ತದೆಯೋ ಏನೋ ಎಂದು. ಎಳೆಯುತ್ತಿರಲಿಲ್ಲ. ಊರಿಗೆ ಬರದೇ ಹೋದರೆ ನನ್ನನ್ನು ಯಾವ ಮಾತೂ ಕೇಳುವಂತಿರಲಿಲ್ಲ, ಬಂದರೆ ತಡೆಯುವಂತೆಯೂ ಇರಲಿಲ್ಲ. ಮೊದಮೊದಲು ಅದಕ್ಕೇ ಭಯವಾಗುತ್ತಿತ್ತು. ಮೊದಲ ವರ್ಷದ ರಜೆ ಬಂತು. ಪ್ರೊಫೆಸರಮ್ಮ ಬೆಟ್ಟದ ಕ್ಯಾಂಪಿಗೆ ಬರುತ್ತೀಯಾ ಎಂದು ಕೇಳಿದರು. ಮುಂದಿನ ವರ್ಷ ಬರುತ್ತೇನೆ, ಈ ಸಲ ಊರಿಗೆ ಹೋಗಬೇಕು ಅಂದೆ. ಅಂದ ಮೇಲೆ ನನಗೇ ಆಶ್ಚರ್ಯವಾಯಿತು. ಹೋಗಬೇಕು ಅನಿಸಿತ್ತು, ಅಷ್ಟೇ. ಕಾಲು ನಾನು ಹೇಳಿದ ಕಡೆಗೆ ನಡೆಯಿತು.

ಅಪ್ಪನ ಬಸ್ಸಿನಿಂದ ಇಳಿದಾಗ ಊರಿನವರು ಬಾಯಿಬಿಟ್ಟುಕೊಂಡು ನೋಡಿದರು. ಮೇಷ್ಟ್ರು ಓಡಿಬಂದು, "ಯಾವ ವಾಕ್ಯದಿಂದ ಬಂದೆ ಮಗು?" ಎಂದು ಕೇಳಿದರು. "ಬಸ್ಸಿಂದ ಬಂದೆ ಮೇಷ್ಟ್ರೇ," ಅಂದೆ. ಅವರಿಗೆ ಸಮಾಧಾನವಾದಂತೆ ಕಾಣಲಿಲ್ಲ.

ಆ ಸಂಜೆ ಅಡುಗೆಮನೆಯಲ್ಲಿ ಕೇಳಿಯೇಬಿಟ್ಟೆ. "ಸ್ವೆಟರ್ ಚೀಲಕ್ಕೆ ಹಾಕಿದ್ದು ನೀನೇ. ಮತ್ಯಾಕೆ ಕೇಳ್ದೆ?"

ಅಮ್ಮ ಒಗ್ಗರಣೆಗೆ ಸಾಸಿವೆ ಹಾಕಿದಳು. ಅದು ಸಿಡಿದು ಮುಗಿಯಿತು. ಆಮೇಲೆ ಸೌಟಿನಿಂದಲೇ ಹೊರಗಿನ ಜಗಲಿಯ ಕಡೆ ತೋರಿಸಿದಳು. ಅಲ್ಲಿ ಅಪ್ಪ ಟಿಕೆಟ್ಟಿನ ಚೀಲ ಮೊಳೆಗೆ ನೇತುಹಾಕಿ ಕಾಲು ತೊಳೆದುಕೊಳ್ಳುತ್ತಿದ್ದರು.

"ಇಪ್ಪತ್ತೆರಡು ವರ್ಷದಿಂದ ದಿನಾ ಸಂಜೆ ಮನೆಗೆ ಬರ್ತಾರೆ. ಕಲ್ಲಿನತ್ರ ಒಂದಿನಾನೂ ಬರ್ತೀನಿ ಅಂದೋರಲ್ಲ," ಅಂದಳು. "ರೈಟ್ ರೈಟ್ ಅಂತಾರೆ, ಹೋಗ್ತಾರೆ. ಮನೆ ಇದೆ, ಬರ್ತಾರೆ. ನಿಂಗೂ ಹಂಗೇ ಇರ್ಲಿ ಅಂತ."

ಊರಿನ ಪಂಡಿತರಿಗೆ, ನನಗೆ, ಉಪ್ಪು ಸಾರು ಉಂಡು ತಾನಾಗಿಯೇ ಬಂದಿಳಿದ ಆ ಚನ್ನಬಸಪ್ಪನಿಗೂ ಕಾಣದ್ದು ಇವಳಿಗೆ ಕಂಡಿತ್ತು. ಕಂಡೂ ತಾನು ಮಾತ್ರ ಇಪ್ಪತ್ತಾರು ವರ್ಷದಿಂದ ಕಲ್ಲಿನ ಈಚೆಗೇ ಕೂತಿದ್ದಳು. ಹಿಂದಿನಿಂದ ತಬ್ಬಿಕೊಂಡೆ. "ಪಕ್ಕಕ್ಕೆ ಸರಿಯೇ, ಒಗ್ಗರಣೆ ಸೀಯುತ್ತೆ," ಅಂದಳು.

ಮಾರನೇ ದಿನ ಭಾನುವಾರ. ಅಮ್ಮ ಮೋರಿಕಟ್ಟೆಯ ಮೇಲೆ ಕೂತಳು, ನಾನು ಪಕ್ಕದಲ್ಲಿ ಕೂತೆ. ಆಚೆ ಚಿಕ್ಕಮ್ಮ ಕೊಡೆ ಬಿಚ್ಚಿಕೊಂಡು ಕೂತಿದ್ದಳು. ಚಳಿದೇಶದ ಕಥೆಯೆಲ್ಲ ಆಯಿತು, ಸ್ವೆಟರಿನ ಕಥೆಗೆ ಇಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಎಂದಿನಂತೆ ಅಮ್ಮ ಸಾರಿನಪುಡಿಯ ಡಬ್ಬಿ ಹಿಡಿದು ಎದ್ದು, ಕಲ್ಲಿನ ಮೇಲಿಂದ ಕೈ ಚಾಚಿದಳು. ಚಿಕ್ಕಮ್ಮನೂ ಎದ್ದು ಬಂದು ಕೈ ಚಾಚಿದಳು.

"ಅಮ್ಮಾ," ಅಂದೆ, "ಗ್ಯಾಸ್ ಆಫ್ ಮಾಡಿದ್ಯಾ?"

"ಮಾಡಿದೀನಿ ಕಣೇ," ಅಂದಳು ಅಮ್ಮ, ತಿರುಗದೆಯೇ.

ಅಂದವಳು ಹಾಗೇ ನಿಂತಳು. ನಿಧಾನವಾಗಿ ತಿರುಗಿ ನನ್ನ ಮುಖ ನೋಡಿದಳು. ಏನೋ ಬೈಯಲು ಬಾಯಿ ತೆರೆದವಳು, ಪಟ್ಟನೆ ತುಟಿ ಮುಚ್ಚಿಕೊಂಡಳು. ನಾನು ನಗಲಿಲ್ಲ. ಅಮ್ಮ ತನ್ನ ಕಾಲನ್ನೇ ಒಂದು ಸಲ ನೋಡಿಕೊಂಡಳು. ಆಮೇಲೆ ಅದನ್ನೆತ್ತಿ, ಡಬ್ಬಿಯ ಸಮೇತ, ಕಲ್ಲಿನ ಆಚೆಗಿಟ್ಟಳು. ಚಿಕ್ಕಮ್ಮ ಕುರ್ಚಿಯ ಮೇಲಿನ ಧೂಳನ್ನು ಸೆರಗಿನಿಂದ ಒರೆಸಿ ಅಕ್ಕನಿಗೆ ಬಿಟ್ಟುಕೊಟ್ಟಳು.

ಆ ದಿನ ಚಿಕ್ಕಮ್ಮನ ಮನೆಯಲ್ಲಿ ಎಷ್ಟು ಲೈಟರ್ ಒತ್ತಿದರೂ ಗ್ಯಾಸ್ ಹೊತ್ತಲಿಲ್ಲವಂತೆ. ಅಕ್ಕ ತಂಗಿ ಇಬ್ಬರೂ ಮಧ್ಯಾಹ್ನಕ್ಕೆ ಮೊಸರವಲಕ್ಕಿ ತಿಂದರಂತೆ. ಚಿಕ್ಕಮ್ಮ ತನ್ನ ಸ್ಕೂಲು ತೋರಿಸಿದಳಂತೆ. ಖಾಲಿ ತರಗತಿಯಲ್ಲಿ ಅಮ್ಮ ಬೋರ್ಡಿನ ಮೇಲೆ ಏನು ಬರೆದಳೆಂದು ಇಬ್ಬರೂ ಇವತ್ತಿಗೂ ಹೇಳಿಲ್ಲ. ಸಂಜೆ ಆರರ ಬಸ್ಸಿನಲ್ಲಿ, ಕಿಟಕಿ ಪಕ್ಕದ ಸೀಟಿನಲ್ಲಿ ಕೂತು, ಅಮ್ಮ ತಾನೇ ಮನೆಗೆ ಬಂದಳು.